ಬೇಡದ ಕಡೆ ಬರುವ ಗೀರಿನ ಅಕ್ಷರ, ಬೇಕಾದ ಕಡೆ ಬಾರದ ಱ

ಪ್ರಶ್ನೆ: ನಾನು ನಿವೃತ್ತ ಕನ್ನಡ ಉಪನ್ಯಾಸಕ. ಹಳಗನ್ನಡ ಪದ್ಯಗಳಿಗೆ ಪಾಠ ಮಾಡುವಾಗ ಬರೆದುಕೊಂಡಿದ್ದ ಟಿಪ್ಪಣಿಗಳನ್ನು ಈಗ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಱ, ೞ, ಽ ಇವು ಕೀಲಿಮಣೆಯಲ್ಲಿ ಎಲ್ಲೂ ಕಾಣುವುದಿಲ್ಲ. ಪ್ರತಿಸಲ ಇಂಟರ್‌ನೆಟ್‌ನಲ್ಲಿ ಹುಡುಕಿ, ಕಾಪಿ ಮಾಡಿ ಅಂಟಿಸುತ್ತೇನೆ. ‘ರ‍್ಯಾಂಕ್’ ಅಂತ ಬರೆಯಲು ಹೋದರೆ ‘ರ್ಯಾಂಕ್’ ಆಗುತ್ತದೆ. ಫ್ರೆಂಚ್ ಹೆಸರುಗಳಿಗೆ ಗೀರು ಹಾಕಿದ ಇಂಗ್ಲಿಷ್ ಅಕ್ಷರ ಬೇಕು, ಸಂಸ್ಕೃತ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಕೊಡಲು ಗೆರೆ, ಚುಕ್ಕೆ ಬೇಕು. ಅವೂ ಬರುವುದಿಲ್ಲ. ತಮಾಷೆ ಏನೆಂದರೆ, 2004ರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದ ಹಳೆಯ ಫೈಲನ್ನು ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಪುಟದ ತುಂಬ ಅದೇ ಗೀರಿನ ಇಂಗ್ಲಿಷ್ ಅಕ್ಷರಗಳು! ಬೇಕು ಅಂದಾಗ ಬರದೆ ಇದ್ದದ್ದು ಬೇಡದ ಕಡೆ ಸಾಲುಸಾಲಾಗಿ ಬಂದು ಕೂತಿದೆ. ಇದೇನು ಕಥೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ತುದಿಯಿಂದಲೇ ಶುರು ಮಾಡುತ್ತೇನೆ. ಆ ಹಳೆಯ ಫೈಲ್ ಅರ್ಥವಾದರೆ ಉಳಿದದ್ದೆಲ್ಲ ಅರ್ಧ ಅರ್ಥವಾದ ಹಾಗೆ.

ಆ ಫೈಲಿನಲ್ಲಿ ‘ಕನ್ನಡ’ ಎಂಬ ಪದ ಇದ್ದ ಜಾಗ ಹುಡುಕಿ. ಅಲ್ಲಿ ಹೀಗೆ ಕಾಣುತ್ತದೆ: ಮೊದಲು ಇಂಗ್ಲಿಷಿನ ದೊಡ್ಡ ಪಿ. ಆಮೇಲೆ ತಲೆಯ ಮೇಲೆ ಓರೆ ಗೀರು ಹೊತ್ತ ದೊಡ್ಡ ಎ. ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು. ಮತ್ತೆ ಅದೇ ಗೀರಿನ ಎ. ಆಮೇಲೆ ಜರ್ಮನ್ನರು ಎರಡು ಎಸ್ ಬದಲಿಗೆ ಬರೆಯುವ, ನೋಡಲು ಬಿ ಥರ ಇರುವ ಅಕ್ಷರ. ಆಮೇಲೆ ಸಣ್ಣ ಕ್ಯೂ. ಕೊನೆಗೆ ಇನ್ನೊಂದು ಗೀರಿನ ಎ. ಒಟ್ಟು ಏಳು.

ಈಗ ಒಂದು ಕಾಗದದ ಮೇಲೆ ‘ಕನ್ನಡ’ ಬರೆದು ಬಿಡಿಸಿ ನೋಡಿ. ತಲೆಕಟ್ಟಿಲ್ಲದ ಕ ದೇಹ, ತಲೆಕಟ್ಟು. ನ ದೇಹ, ತಲೆಕಟ್ಟು, ಕೆಳಗೆ ನ ಒತ್ತು. ಡ ದೇಹ, ತಲೆಕಟ್ಟು. ಒಟ್ಟು ಏಳು. ಗೀರಿನ ಎ ಮೂರು ಸಲ ಬಂದದ್ದು ಯಾಕೆ ಅಂತ ಗೊತ್ತಾಯಿತಲ್ವಾ? ಅದು ನಮ್ಮ ತಲೆಕಟ್ಟು. ಪೌಂಡ್ ಗುರುತು ನಮ್ಮ ನ. ಜರ್ಮನ್ ಅಕ್ಷರ ನಮ್ಮ ನ ಒತ್ತು.

ಆಗಿನ ಕಾಲದ ಫಾಂಟುಗಳು ಹೀಗೆ ಕೆಲಸ ಮಾಡುತ್ತಿದ್ದವು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಒಂದು ಅಕ್ಷರಕ್ಕೆ ಒಂದು ಬೈಟ್ ಅಂತ ಲೆಕ್ಕ ಹಾಕಿದರೆ ಸಿಗುವುದು 256 ಜಾಗ. ಮೊದಲ 128ರಲ್ಲಿ ಇಂಗ್ಲಿಷ್, ಅಂಕಿ, ಅಲ್ಪವಿರಾಮ ಇತ್ಯಾದಿ. ಉಳಿದರ್ಧದಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮಂದಿಗೆ ಬೇಕಾದ ಗೀರು, ಚುಕ್ಕೆ, ಬಾಲದ ಅಕ್ಷರಗಳು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದರು. 192ನೇ ಜಾಗದಲ್ಲಿ ಗೀರಿನ ಎ ಚಿತ್ರ ತೆಗೆದು ತಲೆಕಟ್ಟಿನ ಚಿತ್ರ ಇಟ್ಟರು. 163ರಲ್ಲಿ ಪೌಂಡ್ ತೆಗೆದು ನ ಇಟ್ಟರು. ಬಾಡಿಗೆ ಮನೆಯ ಬಾಗಿಲಿಗೆ ನಮ್ಮ ಹೆಸರಿನ ಫಲಕ ಹಾಕಿದ ಹಾಗೆ. ಫಾಂಟ್ ಇರುವ ತನಕ ಫಲಕ ಇರುತ್ತದೆ. ಮಗಳ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ಫಲಕ ಬಿತ್ತು, ಹಿಂದಿನ ಮಾಲೀಕರ ಹೆಸರು ಕಾಣಿಸಿತು. ಅಷ್ಟೇ.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಅರ್ಕಾವತ್ತು. ‘ಕರ್ನಾಟಕ’ದಲ್ಲಿ ಟ ಮೊದಲು ಬರುವ ಆ ಸುರುಳಿಗೆ ಹಳೆಯ ಫಾಂಟಿನಲ್ಲಿ ಕೊಟ್ಟಿದ್ದು 240ನೇ ಜಾಗ. ಅದು ಐಸ್‌ಲ್ಯಾಂಡ್ ಭಾಷೆಯಲ್ಲಿ ಬಳಸುವ, ಅಡ್ಡಗೆರೆ ಎಳೆದ ಡಿ ಥರದ ಅಕ್ಷರ. ಎಲ್ಲಿಯ ಐಸ್‌ಲ್ಯಾಂಡ್, ಎಲ್ಲಿಯ ಕರ್ನಾಟಕ!

ಇನ್ನು ಬೇಕಾದ ಕಡೆ ಬಾರದಿರುವ ವಿಷಯ. ನೀವು ಕೀಲಿ ಹುಡುಕುತ್ತಿದ್ದೀರಿ. ಕೀಲಿ ಸಿಗುವುದಿಲ್ಲ, ಯಾಕೆಂದರೆ ನೂರು ಚಿಲ್ಲರೆ ಕೀಲಿಗಳಲ್ಲಿ ಲೋಕದ ಅಕ್ಷರಗಳೆಲ್ಲ ಹಿಡಿಸುವುದಿಲ್ಲ. ಆದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಹುಡುಕಬೇಕಾದದ್ದು ಅದನ್ನು. ನಿಮಗೆ ದಿನನಿತ್ಯ ಬೇಕಾಗುವುದು ಹೆಚ್ಚೆಂದರೆ ಎಂಟು ಹತ್ತು ಅಕ್ಷರ. ಅವುಗಳ ಸಂಖ್ಯೆ ಬರೆದು ಪರದೆಯ ಪಕ್ಕ ಅಂಟಿಸಿಕೊಂಡರೆ ಮುಗಿಯಿತು. ನಾನೂ ಬಹಳ ವರ್ಷ ಒಂದು ಹಳದಿ ಚೀಟಿ ಅಂಟಿಸಿಕೊಂಡಿದ್ದೆ.

ವಿಂಡೋಸ್‌ನಲ್ಲಿ ಹೀಗೆ ಮಾಡಿ. ಎಡಗಡೆಯ ಆಲ್ಟ್ ಕೀಲಿ ಒತ್ತಿ ಹಿಡಿಯಿರಿ. ಬಲಗಡೆಯ ನಂಬರ್ ಪ್ಯಾಡಿನಲ್ಲಿ 0233 ಒತ್ತಿ. ಆಲ್ಟ್ ಬಿಡಿ. ಫ್ರೆಂಚರ ‘ಕಫೆ’ ಪದದ ಕೊನೆಗೆ ಬರುವ, ಗೀರಿರುವ ಸಣ್ಣ ಇ ಬಂತು. ಮೊದಲಿನ ಸೊನ್ನೆ ಬಿಡಬೇಡಿ, ಬಿಟ್ಟರೆ ಇನ್ನೊಂದು ಹಳೆಯ ಪಟ್ಟಿಯಿಂದ ಬೇರೆ ಏನೋ ಬರುತ್ತದೆ. ಮೇಲಿನ ಸಾಲಿನ ಅಂಕಿಗಳು ಇದಕ್ಕೆ ಆಗುವುದಿಲ್ಲ, ನಂಬರ್ ಪ್ಯಾಡೇ ಬೇಕು, ನಂಬರ್ ಲಾಕ್ ಆನ್ ಇರಬೇಕು. ಸಿ ಕೆಳಗೆ ಬಾಲ ಇರುವುದಕ್ಕೆ 0231. ಎನ್ ಮೇಲೆ ಅಲೆ ಇರುವ ಸ್ಪ್ಯಾನಿಷ್ ಅಕ್ಷರಕ್ಕೆ 0241. ಯು ಮೇಲೆ ಎರಡು ಚುಕ್ಕೆಗೆ 0252. ಉಷ್ಣಾಂಶದ ಡಿಗ್ರಿ ಗುರುತು ° ಬೇಕಾದರೆ 0176, ಗುಣಾಕಾರದ × ಬೇಕಾದರೆ 0215. ಬೇಕಾದರೆ 0192 ಹೊಡೆದು ನೋಡಿ, ನಿಮ್ಮ ಹಳೆಯ ಫೈಲಿನ ಗೀರಿನ ಎ ಅಲ್ಲೇ ಪ್ರತ್ಯಕ್ಷ.

ನಿಮ್ಮ ಲ್ಯಾಪ್‌ಟಾಪಿಗೆ ನಂಬರ್ ಪ್ಯಾಡ್ ಇಲ್ಲದೆ ಇರಬಹುದು. ಹಾಗಿದ್ದರೆ ವಿಂಡೋಸ್ ಕೀಲಿಯ ಜೊತೆ ಚುಕ್ಕೆಯ ಕೀಲಿ ಒತ್ತಿ. ಎಮೋಜಿಯ ಪೆಟ್ಟಿಗೆ ತೆರೆಯುತ್ತದೆ. ನಗುವ ಮುಖಗಳನ್ನು ನೋಡಿ ಮುಚ್ಚಿಬಿಡಬೇಡಿ. ಅದರಲ್ಲೇ ಚಿಹ್ನೆಗಳ ವಿಭಾಗ ಬೇರೆ ಇದೆ, ಗೀರಿನ ಅಕ್ಷರಗಳೆಲ್ಲ ಅಲ್ಲಿವೆ.

ವರ್ಡ್‌ನಲ್ಲೇ ಬರೆಯುವವರಿಗೆ ಇನ್ನೂ ಸುಲಭದ ದಾರಿ ಇದೆ. ಕಂಟ್ರೋಲ್ ಹಿಡಿದು ಒಂಟಿ ಉದ್ಧರಣ ಚಿಹ್ನೆಯ ಕೀಲಿ ಒತ್ತಿ ಬಿಡಿ. ಪರದೆಯ ಮೇಲೆ ಏನೂ ಆಗುವುದಿಲ್ಲ. ಗಾಬರಿ ಬೇಡ. ಈಗ ಇ ಒತ್ತಿ, ಗೀರಿನ ಇ ಬರುತ್ತದೆ. ಇಂಥ ಕೀಲಿಗೆ ಇಂಗ್ಲಿಷಿನಲ್ಲಿ ‘ಸತ್ತ ಕೀಲಿ’ ಅಂತ ಹೆಸರು. ಟೈಪ್‌ರೈಟರ್ ಕಾಲದ ಮಾತು ಅದು. ಒತ್ತಿದರೆ ಗೀರು ಮಾತ್ರ ಕಾಗದಕ್ಕೆ ಬೀಳುತ್ತಿತ್ತು, ಗಾಡಿ ಮುಂದಕ್ಕೆ ಸರಿಯುತ್ತಿರಲಿಲ್ಲ. ಆಮೇಲೆ ಅಕ್ಷರ ಹೊಡೆದರೆ ಅದು ಗೀರಿನ ಕೆಳಗೇ ಬಂದು ಕೂರುತ್ತಿತ್ತು. ಮ್ಯಾಕ್‌ನಲ್ಲಿ ಈ ರಗಳೆ ಇಲ್ಲ, ಇ ಕೀಲಿಯನ್ನೇ ಒತ್ತಿ ಹಿಡಿದರೆ ಅದರ ಎಲ್ಲ ವೇಷಗಳೂ ಸಾಲಾಗಿ ಮೇಲೆ ಕಾಣುತ್ತವೆ. ಫೋನಿನಲ್ಲೂ ಹಾಗೇ.

ಸಂಸ್ಕೃತ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಕೊಡುವುದಕ್ಕೆ ಮಾತ್ರ ಸಂಖ್ಯೆ ಹೊಡೆಯುತ್ತಾ ಕೂರಬೇಡಿ. ಇದಕ್ಕೆ ಒಂದು ಗುಟ್ಟು ಇದೆ. ಅದನ್ನು ದಿನವೂ ಬಳಸುವ ಕಂಪ್ಯೂಟರಿನಲ್ಲೇ ಇಟ್ಟುಕೊಂಡೂ ಎಷ್ಟೋ ಜನ ಗಮನಿಸಿಲ್ಲ. ವಿಂಡೋಸ್‌ನ ಭಾಷೆಯ ಸೆಟ್ಟಿಂಗಿನಲ್ಲಿ ಅಮೆರಿಕದ ಇಂಗ್ಲಿಷ್ ಕೀಲಿಮಣೆಯ ಬದಲಿಗೆ ಭಾರತದ ಇಂಗ್ಲಿಷ್ ಕೀಲಿಮಣೆ ಸೇರಿಸಿ. ನೋಡಲು ಎರಡೂ ಒಂದೇ. ಆದರೆ ಬಲಗಡೆಯ ಆಲ್ಟ್ ಹಿಡಿದು ಎ ಒತ್ತಿದರೆ ಮೇಲೆ ಅಡ್ಡಗೆರೆ ಇರುವ ದೀರ್ಘ ಎ ಬರುತ್ತದೆ. ಐ, ಯು ಕೂಡ ಹಾಗೇ. ಟಿ, ಡಿ, ಎನ್ ಒತ್ತಿದರೆ ಕೆಳಗೆ ಚುಕ್ಕೆ ಇರುವ ಟ, ಡ, ಣ. ಅದೇ ಬಲ ಆಲ್ಟ್ ಜೊತೆ 4 ಒತ್ತಿದರೆ ₹. ರೂಪಾಯಿ ಚಿಹ್ನೆ ಬಂದದ್ದು 2010ರ ಜುಲೈನಲ್ಲಿ, ಅದೇ ವರ್ಷ ಅಕ್ಟೋಬರಿನಲ್ಲಿ, ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಗೂ ಸೇರಿತು. ಇಷ್ಟು ವರ್ಷ ಆದಮೇಲೂ ‘ರೂ’ ಪಕ್ಕ ಚುಕ್ಕೆ ಇಟ್ಟು ಬರೆಯುವವರೇ ಜಾಸ್ತಿ. ತಪ್ಪೇನಿಲ್ಲ, ನಾನೂ ಹಾಗೇ ಬರೆಯುತ್ತೇನೆ. ಆದರೆ ಬೇಕು ಅಂದಾಗ ಇದು ಗೊತ್ತಿರಲಿ.

ಇನ್ನು ನಿಮ್ಮ ಮುಖ್ಯ ಕಷ್ಟಕ್ಕೆ ಬರೋಣ. ಱ ಮತ್ತು ೞ.

1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. ಬಾಡಿಗೆ ಅಲ್ಲ. 3200ರಿಂದ 3327ರವರೆಗಿನ 128 ಸಂಖ್ಯೆ ಕನ್ನಡದ್ದು, ಬೇರೆ ಯಾರೂ ಅಲ್ಲಿ ಕೂರುವ ಹಾಗಿಲ್ಲ. ಱ ಸಂಖ್ಯೆ 3249. ೞ ಸಂಖ್ಯೆ 3294. ಽ ಸಂಖ್ಯೆ 3261. ವರ್ಡ್‌ನಲ್ಲಿ ಆಲ್ಟ್ ಹಿಡಿದು ನಂಬರ್ ಪ್ಯಾಡಿನಲ್ಲಿ 3249 ಹೊಡೆದರೆ ಱ ಬರುತ್ತದೆ. ಇಲ್ಲಿ ಮುಂದೆ ಸೊನ್ನೆ ಬೇಡ. ಆದರೆ ದೊಡ್ಡ ಸಂಖ್ಯೆ ವರ್ಡ್‌ನಂಥ ಕೆಲವು ತಂತ್ರಾಂಶಗಳಲ್ಲಿ ಮಾತ್ರ ನಡೆಯುತ್ತದೆ. ಹಳೆಯ ನೋಟ್‌ಪ್ಯಾಡಿನಲ್ಲಿ ಇದನ್ನೇ ಹೊಡೆದರೆ ಸಂಬಂಧವೇ ಇಲ್ಲದ ಯಾವುದೋ ಗುರುತು ಬಂದು ಕೂರುತ್ತದೆ. ಅದು 256ರ ಪಟ್ಟಿ ದಾಟಿ ಎಣಿಸುವುದಿಲ್ಲ, ಮೊದಲಿಂದ ಸುತ್ತು ಹೊಡೆಯುತ್ತದೆ.

ನಂಬರ್ ಪ್ಯಾಡ್ ಇಲ್ಲದಿದ್ದರೆ ವರ್ಡ್‌ನಲ್ಲಿ ಇನ್ನೊಂದು ದಾರಿ. ಸೊನ್ನೆ, ಸಿ, ಬಿ, ಒಂದು ಎಂದು ನಾಲ್ಕು ಅಕ್ಷರ ಟೈಪ್ ಮಾಡಿ, ತಕ್ಷಣ ಆಲ್ಟ್ ಜೊತೆ ಎಕ್ಸ್ ಒತ್ತಿ. ಆ ನಾಲ್ಕೂ ಮಾಯವಾಗಿ ಱ ಆಗುತ್ತದೆ. ಇದು ಅದೇ 3249, ಹದಿನಾರರ ಲೆಕ್ಕದಲ್ಲಿ ಬರೆದದ್ದು. ೞ ಬೇಕಾದರೆ ಸೊನ್ನೆ, ಸಿ, ಡಿ, ಇ. ಲಿಬ್ರೆ ಆಫೀಸಿನಲ್ಲೂ ಇದು ನಡೆಯುತ್ತದೆ. ಲಿನಕ್ಸ್ ಬಳಸುವವರು ಕಂಟ್ರೋಲ್, ಶಿಫ್ಟ್, ಯು ಒತ್ತಿ ಆಮೇಲೆ ಆ ನಾಲ್ಕು ಹೊಡೆದು ಎಂಟರ್ ಕೊಟ್ಟರೆ ಆಯಿತು. ಆಲ್ಟ್ ಎಕ್ಸ್ ಉಲ್ಟಾ ದಿಕ್ಕಿಗೂ ಕೆಲಸ ಮಾಡುತ್ತದೆ ಅನ್ನುವುದು ನೆನಪಿರಲಿ. ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಒತ್ತಿದರೆ ಅದರ ಸಂಖ್ಯೆ ಕಾಣುತ್ತದೆ. ಇದು ಸ್ವಲ್ಪ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

ನೀವು ಭಾರತೀಯ ಲಿಪಿಗಳಿಗೆಂದೇ ಮಾಡಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸುವುದಾದರೆ ಱಗೆ ಇಷ್ಟೆಲ್ಲ ಪಾಡು ಬೇಡವೇ ಬೇಡ. ಜೆ ಕೀಲಿ ಒತ್ತಿದರೆ ರ. ಶಿಫ್ಟ್ ಜೊತೆ ಜೆ ಒತ್ತಿದರೆ ಱ. ಸುಮ್ನೆ ಅಲ್ಲೇ ಕೂತಿದೆ, ಯಾರೂ ಒತ್ತುವುದಿಲ್ಲ. ‘ಆಱು’ ಅಂತ ಹೊಡೆದು ನೋಡಿ.

ೞ ವಿಷಯದಲ್ಲಿ ಒಂದು ಮಜಾ ಇದೆ. ವಿಂಡೋಸ್‌ನ ಕ್ಯಾರೆಕ್ಟರ್ ಮ್ಯಾಪ್ ತೆರೆದು ಕನ್ನಡದ ಪಟ್ಟಿಯಲ್ಲಿ ೞ ಮೇಲೆ ಕ್ಲಿಕ್ ಮಾಡಿ. ಕೆಳಗೆ ಅದರ ಅಧಿಕೃತ ಹೆಸರು ಕಾಣುತ್ತದೆ. ‘ಕನ್ನಡ ಲೆಟರ್ ಫಾ’ ಎಂದು! ಏೞು, ಬಾೞ್, ಪೊೞ್ತು ಪಾಠ ಮಾಡಿದ ನಿಮಗೆ ಇದು ಫಾ ಅಂದರೆ ಹೇಗಾಗಬೇಡ? ಇದು ಪಟ್ಟಿ ಮಾಡಿದವರ ತಪ್ಪು. ತಪ್ಪು ಅಂತ ಯೂನಿಕೋಡ್ ಕೂಡ ಒಪ್ಪಿದೆ, ಸರಿಯಾದ ಹೆಸರನ್ನು ಪಕ್ಕದಲ್ಲಿ ಅಲಿಯಾಸ್ ಆಗಿ ಬರೆದುಕೊಂಡಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಯಾವತ್ತೂ ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಹಾಗಾಗಿ ನಮ್ಮ ರಳ, ಅಂದರೆ ಈ ೞ, ಈಗಲೂ ದಾಖಲೆಯಲ್ಲಿ ಫಾ ಆಗಿಯೇ ಉಳಿದಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಪ್ಪು ಬರೆದ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಕೊನೆತನಕ ಉಳಿಯುವುದಿಲ್ಲವೇ, ಹಾಗೆ. ನೀವು ಹೆಸರಿನಿಂದ ಹುಡುಕಿದರೆ ೞ ಸಿಗದಿರುವುದಕ್ಕೆ ಕಾರಣ ಇದೇ.

ನಿಜವಾದ ಫಾ, ಅಂದರೆ ಇಂಗ್ಲಿಷಿನ ಎಫ್ ಧ್ವನಿಗೆ ಫ಼ ಬರೆಯುತ್ತೇವಲ್ಲ, ಅದಕ್ಕೆ ಬೇರೆ ಅಕ್ಷರ ಇಲ್ಲ. ಮಾಮೂಲಿ ಫ ಹೊಡೆದು ಅದರ ಬೆನ್ನಿಗೆ ನುಕ್ತದ ಚುಕ್ಕೆ ಹಾಕಬೇಕು. ಅದರ ಸಂಖ್ಯೆ 3260. ಜ಼ ಕೂಡ ಹಾಗೇ. ಅನುಕ್ರಮ ಮಾತ್ರ ತಪ್ಪಬಾರದು. ಮೊದಲು ವ್ಯಂಜನ, ಆಮೇಲೆ ನುಕ್ತ, ಕೊನೆಗೆ ಗುಣಿತದ ಗುರುತು. ‘ಜ಼ೂ’ ಬರೆಯುವಾಗ ಮೊದಲು ‘ಜೂ’ ಹೊಡೆದು ಆಮೇಲೆ ನುಕ್ತ ಹಾಕಲು ಹೋದರೆ ಚುಕ್ಕೆಚುಕ್ಕೆಯ ಒಂದು ವೃತ್ತ ಬಂದು ಅದರ ಕೆಳಗೆ ನುಕ್ತ ನೇತಾಡಬಹುದು. ಕಂಪ್ಯೂಟರ್ ಆಗ ಹೇಳುತ್ತಿರುವುದು ಇಷ್ಟೇ: ಈ ಗುರುತಿಗೆ ಹಿಡಿದುಕೊಳ್ಳಲು ಅಕ್ಷರ ಸಿಗಲಿಲ್ಲ. ನನ್ನ ಕೇಳಿದರೆ ದಿನದ ಬರಹಕ್ಕೆ ನುಕ್ತ ಬೇಡ. ಫೋನಿಗೆ ಚುಕ್ಕೆ ಇಡದಿದ್ದರೂ ಕನ್ನಡಿಗರು ಸರಿಯಾಗಿಯೇ ಓದುತ್ತಾರೆ. ಉರ್ದು ಗಜಲ್ ಕನ್ನಡ ಲಿಪಿಯಲ್ಲಿ ಕೊಡುವಾಗ ಬೇಕೇ ಬೇಕು.

ಅವಗ್ರಹ ಽ ಇಲ್ಲದೆ ‘ಶಿವೋಽಹಂ’ ಬರೆಯಲು ಜನ ಇಂಗ್ಲಿಷಿನ ಎಸ್ ಹಾಕುತ್ತಾರೆ. ೞ ಸಿಗದೆ ಳ ಕೆಳಗೆ ಗೆರೆ ಎಳೆದದ್ದನ್ನೂ ನೋಡಿದ್ದೇನೆ. ಪದ್ಯದ ಕೊನೆಯ ದಂಡಕ್ಕೆ ಕೀಲಿಮಣೆಯ ಉದ್ದಗೆರೆ ಹಾಕುವುದಂತೂ ಎಲ್ಲರಿಗೂ ರೂಢಿ. ದಂಡಕ್ಕೂ ಸ್ವಂತ ಸಂಖ್ಯೆ ಇದೆ, 2404. ಜೋಡಿ ದಂಡ 2405. ಅದು ಇರುವುದು ದೇವನಾಗರಿಯ ಪಟ್ಟಿಯಲ್ಲಿ, ಆದರೆ ಬೇರೆ ಭಾರತೀಯ ಲಿಪಿಗಳೂ ಅದನ್ನೇ ಬಳಸಬೇಕು ಅಂತ ಇದೆ. ದಂಡದ ವಿಷಯದಲ್ಲಿ ನಾನು ಜಗಳ ಮಾಡುವುದಿಲ್ಲ, ಉದ್ದಗೆರೆ ಹಾಕಿದರೂ ಪದ್ಯ ಕೆಡುವುದಿಲ್ಲ. ಆದರೆ ಪದದ ಒಳಗೆ ಬರುವ ಅಕ್ಷರಕ್ಕೆ ಅದರ ಥರ ಕಾಣುವ ಇನ್ನೊಂದನ್ನು ಹಾಕಬೇಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ ನಾನೇ ಒಮ್ಮೆ ಅನುಭವಿಸಿದ್ದೇನೆ.

ಒಂದು ಸ್ಮರಣ ಸಂಚಿಕೆಯ ಕೆಲಸ. ಇನ್ನೂರು ಚಿಲ್ಲರೆ ಪುಟ. ಕೊನೆಗೆ ಪದಸೂಚಿ ಮಾಡಬೇಕಿತ್ತು. ‘ಅಂಗಡಿ’ ಎಂದು ಹುಡುಕಿದರೆ ಅರ್ಧ ಕಡೆ ಸಿಗುತ್ತದೆ, ಅರ್ಧ ಕಡೆ ಇಲ್ಲ. ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಇಲ್ಲ. ಅಕಾರಾದಿ ಜೋಡಿಸಿದರೆ ಕೆಲವು ಪದಗಳು ಎಲ್ಲೆಲ್ಲೋ ಹೋಗಿ ಕೂತಿವೆ. ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ‘ಅಂ’ ಮುಂದೆ ಆಲ್ಟ್ ಎಕ್ಸ್ ಒತ್ತಿ ನೋಡಿದೆ. ಸೊನ್ನೆ, ಸಿ, ಎಂಟು, ಎರಡು ಬಂತು. ಅದು ಅನುಸ್ವಾರ. ಸರಿ. ಹುಡುಕಿದರೆ ಸಿಗದ ಇನ್ನೊಂದರ ಮುಂದೆ ಒತ್ತಿದೆ. ಸೊನ್ನೆ, ಸಿ, ಇ, ಆರು. ಅದು ಅನುಸ್ವಾರವೇ ಅಲ್ಲ, ಕನ್ನಡದ ಅಂಕಿ ೦!

ಟೈಪ್ ಮಾಡಿದ ಇಬ್ಬರಲ್ಲಿ ಒಬ್ಬರು ಅನುಸ್ವಾರದ ಕೀಲಿ ಸಿಗದೆ, ಸೊನ್ನೆ ಅಂದರೆ ಸೊನ್ನೆಯೇ ತಾನೆ ಅಂತ ಅಂಕಿಯ ಸೊನ್ನೆ ಒತ್ತುತ್ತಾ ಹೋಗಿದ್ದರು. ಪಾಪ, ಅವರ ತಪ್ಪೂ ಅಲ್ಲ. ನಮ್ಮ ಭಾಷೆಯಲ್ಲಿ ಎರಡಕ್ಕೂ ಸೊನ್ನೆ ಅಂತಲೇ ಹೆಸರು, ನೋಡಲೂ ಅವಳಿ ಜವಳಿ. ಆದರೆ ಕಂಪ್ಯೂಟರಿಗೆ ‘ಬೆಂಗಳೂರು’ ಬೇರೆ, ‘ಬೆ೦ಗಳೂರು’ ಬೇರೆ. ಈ ಎರಡನ್ನು ಹತ್ತಿರ ಇಟ್ಟು ನೋಡಿ, ಎಷ್ಟೋ ಫಾಂಟುಗಳಲ್ಲಿ ವ್ಯತ್ಯಾಸ ಹೇಳಲು ಆಗುವುದಿಲ್ಲ. ಆ ದಿನ ಎಲ್ಲ ೦ಗಳನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಿಬಿಟ್ಟೆ. ಆಮೇಲೆ ನೋಡಿದರೆ ೨೦೧೦ರಂಥ ಇಸವಿಗಳ ನಡುವೆಯೂ ಅನುಸ್ವಾರ ಸೇರಿಕೊಂಡಿತ್ತು. ಆ ಕೆಲಸ ಇನ್ನೂ ಒಂದು ಸಂಜೆ ತಿಂದಿತು. ನೀವು ಮಾಡುವಾಗ ಒಂದೊಂದಾಗಿ ನೋಡಿ ಬದಲಿಸಿ.

ಈಗ ‘ರ‍್ಯಾಂಕ್’. ಇದು ಸ್ವಲ್ಪ ಸೂಕ್ಷ್ಮ, ಯಾಕೆಂದರೆ ಇಲ್ಲಿ ಬೇಕಾಗಿರುವುದು ಕಣ್ಣಿಗೇ ಕಾಣದ ಅಕ್ಷರ.

ರ ಹೊಡೆದು, ಹಲಂತ (ವ್ಯಂಜನದ ಸ್ವರ ಕಳೆಯುವ ಗುರುತು) ಹೊಡೆದು, ಯ ಹೊಡೆದರೆ ಕಂಪ್ಯೂಟರ್ ಅದನ್ನು ‘ಸೂರ್ಯ’ದ ರ್ಯ ಎಂದು ತಿಳಿದು ಅರ್ಕಾವತ್ತು ಹಾಕುತ್ತದೆ. ಅದು ಸರಿಯೇ. ಕನ್ನಡದಲ್ಲಿ ಹೆಚ್ಚಿನ ಕಡೆ ಬೇಕಾಗಿರುವುದು ಅದೇ. ಇಂಗ್ಲಿಷಿನಿಂದ ಬಂದ ರ‍್ಯಾಂಕ್, ರ‍್ಯಾಲಿ, ರ‍್ಯಾಗಿಂಗ್ ಮುಂತಾದವಕ್ಕೆ ಮಾತ್ರ ರ ತುಂಬಾ ನಿಂತು, ಕೆಳಗೆ ಯ ಒತ್ತು ಬರಬೇಕು. ‘ರ್ಯಾಲಿ’ ಅಂತ ಅರ್ಕಾವತ್ತಿನಿಂದ ಶುರುವಾಗುವ ಪದ ನೋಡಿದರೆ ನನಗಂತೂ ತಲೆಕೆಳಗಾಗಿ ನಿಂತವರನ್ನು ನೋಡಿದ ಹಾಗಾಗುತ್ತದೆ. ಕಂಪ್ಯೂಟರಿಗೆ ‘ಇಲ್ಲಿ ಅರ್ಕಾವತ್ತು ಬೇಡ’ ಅಂತ ಹೇಳುವುದಕ್ಕೆ ರ ಆದ ತಕ್ಷಣ ಅಗಲವೇ ಇಲ್ಲದ ಒಂದು ಅಕ್ಷರ ಹಾಕಬೇಕು. ಅದನ್ನು ಜೋಡಕ ಅಂತ ಕರೆಯೋಣ. ಸಂಖ್ಯೆ 8205.

ಇನ್‌ಸ್ಕ್ರಿಪ್ಟ್‌ನಲ್ಲಿ ಪೂರ್ತಿ ಹೊಡೆದು ತೋರಿಸುತ್ತೇನೆ. ಜೆ ಒತ್ತಿ, ರ ಬಂತು. ಆಲ್ಟ್ ಹಿಡಿದು 8205, ಏನೂ ಕಾಣಲಿಲ್ಲ, ಆದರೆ ಬಂದಿದೆ. ಡಿ ಒತ್ತಿ, ಅದು ಹಲಂತ. ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿ ಒತ್ತಿ, ಅದು ಯ. ಈಗ ರ ಕೆಳಗೆ ಯ ಒತ್ತು ಬಂದಿರಬೇಕು. ಆಮೇಲೆ ಇ ಒತ್ತಿದರೆ ದೀರ್ಘ, ಎಕ್ಸ್ ಒತ್ತಿದರೆ ಅನುಸ್ವಾರ, ಕೆ ಒತ್ತಿದರೆ ಕ, ಕೊನೆಗೆ ಇನ್ನೊಮ್ಮೆ ಡಿ. ‘ರ‍್ಯಾಂಕ್’ ಸಿದ್ಧ.

ಇದರ ತಮ್ಮ ಒಬ್ಬನಿದ್ದಾನೆ, 8204. ಅವನ ಕೆಲಸ ಉಲ್ಟಾ, ಬಿಡಿಸುವುದು. ‘ಫೇಸ್ಬುಕ್’ ಅನ್ನುವಲ್ಲಿ ಸ ಕೆಳಗೆ ಬ ಒತ್ತಾಗಿ ಕೂತುಬಿಡುತ್ತದೆ. ಸ್ ಆದಮೇಲೆ 8204 ಹಾಕಿದರೆ ‘ಫೇಸ್‌ಬುಕ್’ ಆಗುತ್ತದೆ. ‘ರಾಜ್‌ಕುಮಾರ್’ ಕೂಡ ಹಾಗೇ. ಕೆಲವರು ಇದಕ್ಕೆ ನಡುವೆ ಒಂದು ಖಾಲಿ ಜಾಗ ಬಿಡುತ್ತಾರೆ. ಆಗ ಸಾಲಿನ ಕೊನೆಯಲ್ಲಿ ರಾಜ್ ಮೇಲೆ, ಕುಮಾರ್ ಕೆಳಗೆ ಹೋಗುತ್ತದೆ. ‘ಆ್ಯಪ್’ ಬರೆಯಲು ಮಾತ್ರ ಇಬ್ಬರೂ ಬೇಡ, ಆ, ಹಲಂತ, ಯ ಅಷ್ಟೇ. ಸ್ವರಕ್ಕೆ ಒತ್ತು ಕೊಡುವುದು ವ್ಯಾಕರಣಕ್ಕೆ ಒಪ್ಪುತ್ತದೋ ಇಲ್ಲವೋ, ಅದನ್ನು ನಿಮ್ಮಂಥವರು ಹೇಳಬೇಕು.

ನೀವು ಇಂಗ್ಲಿಷಿನಲ್ಲಿ ಹೊಡೆದು ಕನ್ನಡ ಬರಿಸುವ ಫೊನೆಟಿಕ್ ಕೀಲಿಮಣೆ ಬಳಸುತ್ತಿದ್ದರೆ ನಡುವೆ ಸಂಖ್ಯೆ ಹೊಡೆಯುವುದು ಕಿರಿಕಿರಿ. ಅದಕ್ಕೆ ನಾನು ಮಾಡುವುದು ಹೀಗೆ. ವರ್ಡ್‌ನ ಆಟೋಕರೆಕ್ಟ್ ತೆರೆಯಿರಿ. ಎಡಗಡೆ ‘ರ್ಯಾಂಕ್’ ಎಂದು ತಪ್ಪು ರೂಪ ಹಾಕಿ. ಬಲಗಡೆ ‘ರ‍್ಯಾಂಕ್’ ಎಂದು ಸರಿ ರೂಪ ಅಂಟಿಸಿ. ಬೇಕಾದರೆ ಈ ಉತ್ತರದಿಂದಲೇ ಕಾಪಿ ಮಾಡಿಕೊಳ್ಳಿ, ಕೊನೆಯ ಸಲ. ಇನ್ನು ಮೇಲೆ ನೀವು ತಪ್ಪಾಗಿ ಹೊಡೆದು ಸ್ಪೇಸ್ ಒತ್ತಿದರೆ ಅದೇ ಸರಿ ಮಾಡಿಕೊಳ್ಳುತ್ತದೆ. ಇಂಥ ಪದಗಳು ನಿಮ್ಮ ಬರಹದಲ್ಲಿ ಹತ್ತು ಹದಿನೈದು ಇರಬಹುದು. ಒಂದು ಸಲ ಕೂತು ಹಾಕಿಬಿಡಿ.

ೞ ಥರ ಪದದ ನಡುವೆ ಬರುವ ಅಕ್ಷರಕ್ಕೆ ಆಟೋಕರೆಕ್ಟ್ ಸರಿಹೋಗುವುದಿಲ್ಲ, ಅದು ಪೂರ್ತಿ ಪದಕ್ಕೆ ಕಾಯುತ್ತದೆ. ಅದಕ್ಕೆ ಶಾರ್ಟ್‌ಕಟ್ ಕೀಲಿ ಕೊಡಿ. ವರ್ಡ್‌ನಲ್ಲಿ ಇನ್ಸರ್ಟ್, ಸಿಂಬಲ್, ಮೋರ್ ಸಿಂಬಲ್ಸ್ ಎಂದು ಹೋಗಿ. ಮೇಲೆ ನಿರ್ಮಲಾ ಅಥವಾ ನೋಟೋ ಥರದ ಒಂದು ಕನ್ನಡ ಯೂನಿಕೋಡ್ ಫಾಂಟ್ ಆರಿಸಿ. ೞ ಸಿಕ್ಕಿದ ಮೇಲೆ ಕೆಳಗಿನ ಶಾರ್ಟ್‌ಕಟ್ ಕೀ ಗುಂಡಿ ಒತ್ತಿ, ನಿಮಗೆ ನೆನಪಿರುವ ಒಂದು ಜೋಡಿ ಕೊಡಿ. ಆ ಜೋಡಿಗೆ ಆಗಲೇ ಬೇರೆ ಕೆಲಸ ಇದ್ದರೆ ವರ್ಡೇ ಅಲ್ಲಿ ತೋರಿಸುತ್ತದೆ, ಇನ್ನೊಂದು ಆರಿಸಿ. ಱ, ೞ, ಽ ಮೂರಕ್ಕೂ ಹೀಗೆ ಮಾಡಿದರೆ ನಿಮ್ಮ ಕೀಲಿಮಣೆಗೆ ಮೂರು ಹೊಸ ಕೀಲಿ ಬಂದ ಹಾಗೆ. ಹತ್ತು ನಿಮಿಷದ ಕೆಲಸ.

ಕೊನೆಯದಾಗಿ ಆ 2004ರ ಫೈಲ್. ಅದನ್ನು ಮತ್ತೆ ಟೈಪ್ ಮಾಡಬೇಡಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಗೀರಿನ ಎ ಕಂಡಲ್ಲಿ ತಲೆಕಟ್ಟು, ಪೌಂಡ್ ಕಂಡಲ್ಲಿ ನ ಎಂದು ಅವು ಪಟ್ಟಿ ಇಟ್ಟುಕೊಂಡು ಬದಲಿಸುತ್ತವೆ. ಹೆಚ್ಚಿನದೆಲ್ಲ ಸರಿ ಬರುತ್ತದೆ. ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುತ್ತಿದ್ದೆವು, ‘ಕರ್ನಾಟಕ’ದಲ್ಲಿ ನಾ ಆದಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ, ಮೊದಲು ರ್, ಆಮೇಲೆ ನಾ. ಪರಿವರ್ತಕ ಆ ಐಸ್‌ಲ್ಯಾಂಡ್ ಅಕ್ಷರವನ್ನು ಎತ್ತಿ ಹಿಂದಕ್ಕೆ ಒಯ್ದು ಇಡಬೇಕು. ಒತ್ತಕ್ಷರದ ಮೇಲೆ ಮತ್ತೊಂದು ಒತ್ತು ಇರುವ ಕಡೆ ಎಷ್ಟು ಹಿಂದಕ್ಕೆ ಅಂತ ಲೆಕ್ಕ ತಪ್ಪುವುದುಂಟು. ‘ಈರ್ಷ್ಯೆ’, ‘ಸಾಮರ್ಥ್ಯ’, ‘ಅರ್ಘ್ಯ’ ಇಂಥ ಪದಗಳನ್ನು ಮೊದಲು ಹುಡುಕಿ ನೋಡಿ. ಅವು ಸರಿ ಇದ್ದರೆ ಉಳಿದವೂ ಬಹುಮಟ್ಟಿಗೆ ಸರಿ ಇರುತ್ತವೆ.

ಆಮೇಲೆ ಱ, ೞ ಇದ್ದ ಜಾಗಗಳನ್ನು ಕೈಬರಹದ ಜೊತೆ ಹೋಲಿಸಿ. ಆಗ ಟೈಪ್ ಮಾಡಿದವರು ಅಲ್ಲಿ ಸುಮ್ನೆ ರ, ಳ ಹಾಕಿರುವ ಸಾಧ್ಯತೆ ಜಾಸ್ತಿ. ಅದನ್ನು ಯಾವ ಪರಿವರ್ತಕವೂ ಹಿಡಿಯುವುದಿಲ್ಲ. ‘ಆರು’ ಎಂದು ಇರುವಲ್ಲಿ ಅದು ಎಣಿಕೆಯ ಆಱು ಹೌದೋ ಅಲ್ಲವೋ ಅಂತ ಹೇಳಬಲ್ಲವರು ನೀವೇ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಅದರ ಫಾಂಟ್ ಫೈಲೂ ಸಿಕ್ಕಿದರೆ ಅದೇ ಫೋಲ್ಡರಿನಲ್ಲಿ ಹಾಕಿಡಿ. ಅನುಮಾನ ಬಂದಾಗ ತೆರೆದು ನೋಡಲು ಬೇಕಾಗುತ್ತದೆ.